ಐದು ಸಮಾಧಿ

“ಇವ್ರು ನಮ್ಮತ್ತೆ, ಪಕ್ಕದಲ್ಲಿ ನಮ್ಮೆಜಮಾನ್ರು,” ಎಂದು ಬಸವಲಿಂಗಮ್ಮ ಹೊಲದ ಮೂಲೆಯ ಎರಡು ಸಮಾಧಿಗಳನ್ನು ತೋರಿಸಿದಳು. “ಸತ್ತೋರೇ ಇಲ್ಲಿ ಅವ್ರೆ ಸ್ವಾಮಿ. ಇನ್ಯಾವ ಗುರುತು ಬೇಕು?”

ತಿಪ್ಪಸಂದ್ರದ ಈ ಇಳಿಜಾರಿನಲ್ಲಿ ಪೊದೆ ಕಡಿದು, ಕಲ್ಲು ಆಯ್ದು ರಾಗಿ ಬೆಳೆದವನು ಅವಳ ಗಂಡ. ಕಾಗದ ಮಾತ್ರ ಇರಲಿಲ್ಲ. ಕಾಗದವಿಲ್ಲದ ನೆಲ ಮಹಾರಾಜರ ಸರ್ಕಾರದ್ದು ಎಂದು ಅಳತೆಗೆ ಬಂದ ಮೋಜಣಿದಾರ ವೆಂಕಟರಾಯರು ಆಗಲೇ ಹೇಳಿಯಾಗಿತ್ತು. ಈಗ ಅವರು ಸಮಾಧಿಯ ಮುಂದೆ ಚಪ್ಪಲಿ ಬಿಟ್ಟು ನಿಂತು ಪುಸ್ತಕ ತೆರೆದರು. “ಎರಡೇನಾ?”

ಅವರು ಬರೆದುಕೊಳ್ಳುವುದನ್ನು ಕಂಡು ಅವಳಿಗೆ ಧೈರ್ಯ ಬಂತು. ಗಂಡ ಕಲ್ಲು ಆಯ್ದು ಹಾಕಿದ್ದ ಗುಡ್ಡೆಯ ಹತ್ತಿರ ಓಡಿ, “ಇದು ನಮ್ಮಾವ,” ಎಂದಳು. ಮುಂದಿನ ಗುಡ್ಡೆಯನ್ನು ಮುಟ್ಟಿ, “ಇದು ಅವರಪ್ಪ.” ಆಚೆ ತುದಿಯ ಗುಡ್ಡೆಗೂ ಒಬ್ಬ ಮುತ್ತಜ್ಜಿಯನ್ನು ಹುಟ್ಟಿಸಿ, ಆ ಕಲ್ಲುಗಳಿಗೆ ಕೈಮುಗಿದೂ ಬಿಟ್ಟಳು.

ರಾಯರು ಐದನ್ನೂ ಬರೆದು, ಅಳತೆಯ ಸರಪಳಿ ಸುತ್ತಿಡಲು ಆಳಿಗೆ ಹೇಳಿದರು.

“ನಮ್ಮೆಸರಿಗೆ ಬರುದ್ರಾ ಸ್ವಾಮಿ?”

“ಮೂಲೇಲಿ ಎರಡೇ ಇದ್ದಿದ್ರೆ ಬೇರೆ ಮಾತು. ಈ ತುದಿಯಿಂದ ಆ ತುದಿವರೆಗೂ ಸಮಾಧಿ ಇರೋ ಜಾಗಾನ ಒಬ್ಬರ ಹೆಸರಿಗೆ ಬರೆಯೋ ಹಾಗಿಲ್ಲಮ್ಮ. ಸ್ಮಶಾನ ಅಂತ ಬರೆದಿದೀನಿ. ಇನ್ನು ಇಲ್ಲಿ ನೇಗಿಲು ಹೂಡಕೂಡದು.” ರಾಯರು ಚಪ್ಪಲಿ ಮೆಟ್ಟಿಕೊಂಡರು. ಅವಳ ಮುಖ ನೋಡಿ ಸಮಾಧಾನದ ದನಿಯಲ್ಲಿ ಹೇಳಿದರು: “ನೀನು ಕಣ್ಮುಚ್ಚಿದ ಮೇಲೆ ನಿನ್ನನ್ನೂ ಇಲ್ಲೇ ಮಣ್ಣು ಮಾಡಬಹುದು. ಅದಕ್ಕೆ ಸರ್ಕಾರದ ಅಡ್ಡಿಯಿಲ್ಲ.”