ಹಾಸ್ಟೆಲ್ಲಿನ ಮುಸುರೆ

ಪೇಟೆಯ ಬಾಲಕಿಯರ ಹಾಸ್ಟೆಲ್ಲಿನಲ್ಲಿ ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ ಸಾರನ್ನು ದಿನಾ ತಂದು, ಮತ್ತೊಮ್ಮೆ ಕುದಿಸಿ, ಹಂದಿಗಳಿಗೆ ಸುರಿಯುವುದು ರೀತಮ್ಮನ ಕೆಲಸ. ಮನೆ ನಡೆಯುವುದೂ ಮಗಳ ಓದು ಸಾಗುವುದೂ ಆ ಹಂದಿಗಳಿಂದಲೇ. ಈ ಸಲ ಶಾಲೆ ಶುರುವಾದಾಗ ಹೊಸ ಅಡುಗೆಯವನು ಬಂದ. ಬಂದದ್ದೇ ತಡ, ಮುಸುರೆಯ ಡ್ರಮ್ಮು ಕಾಲು ಭಾಗವೂ ತುಂಬದಾಯಿತು. ಹನ್ನೊಂದು ಮರಿ ಹಾಕಿದ ತಾಯಿಹಂದಿಗೆ ಮೇವು ಸಾಲದೆ ಹಾಲು ಬತ್ತಿತು, ಎರಡು ಮರಿ ಸತ್ತವು. ರೀತಮ್ಮ ನೆಟ್ಟಗೆ ಹೋಗಿ ಹಾಸ್ಟೆಲ್ಲಿನ ಒಲೆಯ ಮುಂದೆ ನಿಂತಳು.

“ಏನ್ ಮಾದಣ್ಣ, ಮಕ್ಕಳಿಗೆ ಬಡಿಸ್ತೀಯೋ, ಇಲ್ಲ ಎಲ್ಲಾ ನೀನೇ ತಿಂದ್ಬಿಡ್ತೀಯೋ?”

“ತಟ್ಟೆ ನೆಕ್ಕಿ ಏಳ್ತವೆ ಕಣಕ್ಕ, ನಾನೇನ್ ಮಾಡ್ಲಿ?”

“ಇಷ್ಟು ರುಚಿಯಾಗಿ ಮಾಡು ಅಂತ ನಿಂಗ್ಯಾರು ಹೇಳಿದ್ದು? ಉಪ್ಪು ಬಿಡು, ಬೇಳೆ ಅರೆಬರೆ ಬೇಯ್ಸು. ಸರ್ಕಾರಿ ಊಟ, ಯಾರು ಕೇಳ್ತಾರೆ? ಹಬ್ಬಕ್ಕೆ ಒಳ್ಳೆ ಮಾಂಸ ನಾನೇ ತಂದ್ಕೊಡ್ತೀನಿ.”

“ಪಾಪ, ಚಿಕ್ಕ ಮಕ್ಕಳು ಕಣಕ್ಕ.”

“ನನ್ ಹಂದಿ ಹೆತ್ತಿರೋದೂ ಚಿಕ್ಕ ಮಕ್ಕಳ್ನೇ.”

ಮಾದಣ್ಣ ನಕ್ಕುಬಿಟ್ಟ. ವಾರದೊಳಗೆ ಡ್ರಮ್ಮು ತುಂಬಿ ತುಳುಕತೊಡಗಿತು. ತಾಯಿಹಂದಿಗೆ ಮತ್ತೆ ಹಾಲು ಬಂತು, ಉಳಿದ ಒಂಬತ್ತು ಮರಿಗಳೂ ದುಂಡಗಾದವು.

ರೀತಮ್ಮ ಅವುಗಳ ಮೈ ತೊಳೆಯುತ್ತಿದ್ದಾಗ ಗಂಡ ಚೌರಪ್ಪ ಬೇಲಿಯಾಚೆಯಿಂದಲೇ ಕೂಗಿದ.

“ಲೇ ರೀತಾ, ನಿಂಗೆ ಹೇಳ್ದೆ ಅರ್ಜಿ ಹಾಕಿದ್ದೆ. ಎರಡನೇ ಪಟ್ಟೀಲಿ ನಮ್ ಹುಡುಗಿಗೆ ಪೇಟೆ ಹಾಸ್ಟೆಲ್ಲಲ್ಲೇ ಸೀಟು ಸಿಕ್ತು. ಇನ್ಮೇಲೆ ಅವಳ ಊಟದ ಚಿಂತೆ ನಮಗಿಲ್ಲ ಬಿಡು.”