ತಮ್ಮ ತರಬೇಕಾದ ಸೀರೆ

“ಉಸಿರು ಹೋದ ಮೇಲೂ ಕಾಯುವೆನು ತಮ್ಮಯ್ಯ, ಸೀರೆ ತಾರೋ, ಹೊಸಿಲು ದಾಟಿಸೋ” ಎಂದು ಹಾಡುತ್ತಿದ್ದ ದೇವಿರಮ್ಮ ತಟ್ಟನೆ ನಿಲ್ಲಿಸಿದಳು. ಮೊಬೈಲಿನಲ್ಲಿ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಮೊಮ್ಮಗಳು ವರ್ಷಿಣಿ ನಕ್ಕಳು. “ಸತ್ರೂ ಸೀರೆ ಆಸೆ ಬಿಡ್ಲಿಲ್ವಲ್ಲ ಅಜ್ಜಿ, ಈ ಹಾಡಿನವ್ಳು!”

“ಆಸೆ ಅಲ್ಲ ಕಣಮ್ಮ. ನಮ್ಮಲ್ಲಿ ಹೆಣ್ಮಗಳು ಸತ್ರೆ, ತವರಿನ ಸೀರೆ ಹೊದಿಸದೆ ಹೆಣ ಎತ್ತಲ್ಲ. ಮುನಿಸ್ಕೊಂಡ ತಮ್ಮನೂ ಅವತ್ತು ಬರಲೇಬೇಕು. ಅವ್ಳು ಕಾಯ್ತಿರೋದು ಸೀರೆನಲ್ಲ, ತಮ್ಮನ್ನ.”

ಹೇಳುತ್ತಿದ್ದಂತೆ ದೇವಿರಮ್ಮನ ಬೆರಳು ಸೆರಗಿನ ಅಂಚನ್ನು ಸುತ್ತತೊಡಗಿತು. ತಮ್ಮ ಕೆಂಪಯ್ಯ ಇರುವುದು ಇದೇ ಊರಿನ ನಜರ್‌ಬಾದಿನಲ್ಲಿ. ಹೆಬ್ಬಾಳದ ಈ ಮನೆಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಅವನು ಅಪ್ಪನ ಮನೆ ಮಾರಿದ ದಿನ “ನಾನು ಸತ್ರೂ ನಿನ್ನ ಸೀರೆ ಬೇಡ” ಎಂದು ಅವಳೇ ಅಂದುಬಿಟ್ಟಿದ್ದಳು. ಆಮೇಲೆ ಇಬ್ಬರಿಗೂ ಮಾತಿಲ್ಲ. ನಾಳೆ ಅವಳಿಗೆ ಹೃದಯದ ಆಪರೇಷನ್.

“ಕೆಂಪಯ್ಯಂಗೆ ಫೋನ್ ಹಚ್ಚಿಕೊಡು” ಎಂದಳು ಮೊಮ್ಮಗಳಿಗೆ.

ಆ ಕಡೆಯಿಂದ “ಹಲೋ” ಕೇಳಿದ್ದೇ ಅವಳು ಅಂದಳು, “ಕೆಂಪಾ, ನಂಗೊಂದು ಸೀರೆ ತಗೊಂಡ್ ಬಾರೋ.”

“ಅಕ್ಕಾ!” ಕೆಂಪಯ್ಯನ ದನಿ ಗಾಬರಿಯಿಂದ ನಡುಗಿತು. “ಏನಾಯ್ತಕ್ಕ?”

“ಏನೂ ಆಗಿಲ್ಲ ಬುಡೋ. ಹೊದಿಸ್ಕೊಳ್ಳೋಕಲ್ಲ. ನೀನು ತಂದಿದ್ದನ್ನ ನಾನೇ ಉಟ್ಕೋಬೇಕು.”

ಆ ಕಡೆ ಮೂಗೆಳೆದುಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಅವನು ಕೇಳಿದ, “ಯಾವ ಬಣ್ಣದ್ದು ತರ್ಲಿ ಅಕ್ಕ?”