ನೀರಿನ ಗಾಡಿ

ನೀರಿನ ಟ್ಯಾಂಕರು ತಿರುವಿನಲ್ಲಿ ಕಾಣಿಸಿದೊಡನೆ ಅತ್ತೆ ಎಂದಿನಂತೆ ಎದ್ದು, ಊರ ಮುಂದಿನ ರಸ್ತೆಗೆ ಅಡ್ಡ ಹಾಕಿದ್ದ ಮರದ ದಿಮ್ಮಿಯನ್ನು ಸರಿಸಲು ಹೋದಳು. ಸೊಸೆ ಗುಡ್ಡದ ಕಡೆಯಿಂದ ಓಡಿಬಂದು ಅದರ ಮೇಲೆಯೇ ಕುಳಿತುಬಿಟ್ಟಳು. ಅವಳ ಪಾದಗಳಿಗೆ ಕೆಮ್ಮಣ್ಣು ಮೆತ್ತಿತ್ತು. ಕಂಕುಳಲ್ಲಿ ಖಾಲಿ ಕೊಡ.

"ಏಳೇ, ನೀರಿನ ಗಾಡಿ ಅದು."

"ಗೊತ್ತು. ಅದಕ್ಕೇ ಕೂತಿರೋದು."

ರಸ್ತೆಯ ಅಂಚಿನಲ್ಲಿ ಕುಳಿತಿದ್ದ ಹೆಂಗಸರ ನಡುವೆ ದರ್ಜಿಯವಳು ನಕ್ಕಳು. "ಇಷ್ಟು ದಿನ ಕಂಪನಿ ಜೊತೆ ಜಗಳ, ಇವತ್ತು ಅತ್ತೆ ಸೊಸೆದು. ಹೊತ್ತಾದರೂ ಹೋಗುತ್ತೆ ಬಿಡಿ."

ಗುಡ್ಡ ಗಣಿಯವರ ಪಾಲಾದ ಮೇಲೆ ಹೆಂಗಸರು ಈ ರಸ್ತೆಯನ್ನು ಕಾಯುತ್ತಿದ್ದರು. ಕೊರೆಯುವ ಯಂತ್ರವೂ ಅದರ ಎಣ್ಣೆಯೂ ಅವರು ಕಾವಲು ಕೂರುವ ಮೊದಲೇ ಮೇಲೆ ಸೇರಿದ್ದವು. ಆಮೇಲೆ ಬಂದ ಲಾರಿಯಾಗಲಿ, ಸಿಡಿಮದ್ದಾಗಲಿ, ಸಾಹೇಬರ ಜೀಪಾಗಲಿ ದಿಮ್ಮಿಯನ್ನು ದಾಟಲಿಲ್ಲ. ಟ್ಯಾಂಕರು ಮಾತ್ರ ದಾಟುತ್ತಿತ್ತು. ಅದು ಅತ್ತೆ ಮಾಡಿದ ಕಟ್ಟಳೆ. ಮೇಲಿರುವ ಕೂಲಿಯವರೂ ಯಾರೋ ಹೆತ್ತ ಮಕ್ಕಳೇ. ನೀರಿಗೆ ಅಡ್ಡ ನಿಲ್ಲುವುದು ಈ ಊರಿನವರ ಕೈಲಾಗದು. ಅದಕ್ಕೆ ಯಾರೂ ಎದುರಾಡಿರಲಿಲ್ಲ.

"ಒರತೆಗೆ ಹೋಗಿದ್ದೆ," ಎಂದು ಸೊಸೆ ಕೊಡವನ್ನು ಬೋರಲು ಹಿಡಿದು ತೋರಿಸಿದಳು. "ಕಲ್ಲು ಒಣಗಿ ಕೂತಿದೆ. ಏನಾಯ್ತು ಅಂತ ಗುಡ್ಡ ಹತ್ತಿದೆ. ಈ ಟ್ಯಾಂಕರಿನವನು ತುಂಬಿಸೋ ತೊಟ್ಟಿಯಿಂದ ಪೈಪು ಹೋಗಿರೋದು ಕೂಲಿಯವರ ಗುಡಿಸಲಿಗಲ್ಲ ಅತ್ತೆ, ಯಂತ್ರಕ್ಕೆ. ನೀರು ಬಿಡದಿದ್ರೆ ಅದು ಕಾದು ನಿಂತೇ ಹೋಗುತ್ತಂತೆ. ಗುಡ್ಡದ ಹೊಟ್ಟೆವರೆಗೂ ಕೊರೆದಿದ್ದಾರೆ. ನಮ್ಮ ಒರತೆ ಅದರೊಳಗೇ ಇಳಿದುಹೋಯ್ತು."

ಅಷ್ಟರಲ್ಲಿ ಟ್ಯಾಂಕರು ದಿಮ್ಮಿಯ ಮುಂದೆ ಬಂದು ನಿಂತಿತ್ತು; ಅತ್ತೆ ಅದರ ಚಾಲಕನ ಕಡೆಗೆ ತಿರುಗಿದಳು. ದಿನವೂ ಅವಳ ಮಂಡಿನೋವು ವಿಚಾರಿಸಿಯೇ ದಾಟುತ್ತಿದ್ದವನು ಅವನು.

"ಸುಳ್ಳು ಹೇಳಿದೆಯೇನೋ, ಮಗನೇ?"

"ಇಲ್ಲ ಅಜ್ಜಿ. ಏನಿದೆ ಅಂತ ಕೇಳಿದ್ರಿ, ನೀರು ಅಂದೆ. ಯಾರಿಗೆ ಅಂತ ನೀವು ಕೇಳಲೇ ಇಲ್ಲ."

ದರ್ಜಿಯವಳೂ ಈಗ ನಗಲಿಲ್ಲ. ಚಾಲಕ ಕೆಳಗಿಳಿದು, ಬಾಗಿಲಿಗೆ ಒರಗಿ ನಿಂತ. "ಇವತ್ತು ಮೇಲಕ್ಕೆ ಹೋಗಲ್ಲ. ಕೊರೆಯೋದು ನಿನ್ನೆಗೇ ಮುಗೀತು. ಒರತೆ ಬತ್ತಿದೆಯಂತೆ, ಊರಿಗೆ ನೀರು ಕೊಟ್ಟು ಬಾ ಅಂತ ಕಂಪನಿಯವರೇ ಕಳಿಸಿದ್ರು. ಇದು ನಿಮಗೇ."

ಟ್ಯಾಂಕರಿನ ನಲ್ಲಿಯಿಂದ ನೀರು ತೊಟ್ಟಿಕ್ಕಿ ಧೂಳಿನಲ್ಲಿ ಇಂಗುತ್ತಿತ್ತು. ಸೊಸೆ ಅದನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದು, ದಿಮ್ಮಿಯ ಒಂದು ತುದಿಯನ್ನು ಹಿಡಿದಳು.

"ಆ ಕಡೆ ಹಿಡೀರಿ ಅತ್ತೆ. ಮಕ್ಕಳು ಬೆಳಗ್ಗಿನಿಂದ ಬಾಯಾರಿ ಕೂತಿವೆ."

ಅತ್ತೆ ಹಿಡಿಯಲಿಲ್ಲ. ಸೊಸೆ ಎದ್ದ ಜಾಗದಲ್ಲಿಯೇ ಮೆಲ್ಲನೆ ಕುಳಿತಳು.

"ಎಲ್ಲಿ ತುಂಬಿಸ್ಕೊಂಡು ಬಂದೆ ಇದನ್ನ?"

"ಕೆಳಗಿನ ಊರಿನ ಬಾವೀಲಿ, ಅಜ್ಜಿ." ಚಾಲಕ ತನ್ನ ಚಪ್ಪಲಿಯನ್ನು ನೋಡುತ್ತ ಹೇಳಿದ. "ಅಲ್ಲಿನ ಹೆಂಗಸರೂ ನಿಮ್ಮ ಹಾಗೇ. ನೀರಿಗೆ ಬಂದೆ ಅಂದ್ರೆ ಸಾಕು, ಯಾರೂ ಏನೂ ಕೇಳಲ್ಲ."